ಕೋಟೆ ಆಟದ ಮುದುಕಿ

ನಮ್ಮ ಮನೆಯ ಕಂಪ್ಯೂಟರ್ ಒಳಗೆ ಒಬ್ಬ ಮುದುಕಿ ಇದ್ದಳು. ಮೊನ್ನೆ ಒಂದು ಭಾನುವಾರ ಅವಳು ಸಿಕ್ಕಿಬಿದ್ದಳು. ಅವಳ ಜತೆ ನಾನೂ.

ಹೇಗೆ ಅಂತೀರಾ? ಹೇಳುತ್ತೇನೆ. (ಬಾಯಿಂದ ಹೇಳು ಅಂದರೆ ನನಗೆ ಆಗುವುದಿಲ್ಲ. ಬರೆದು ಹೇಳುವುದು ಸುಲಭ. ಈ ಅಂಕಣ ಹುಟ್ಟಿದ್ದೇ ಹಾಗೆ, ನಿಮಗೆಲ್ಲ ಗೊತ್ತಿರುವುದೇ. ನಾನು ಮೊಮ್ಮಕ್ಕಳಿಗೆಂದು ಬರೆಯುತ್ತೇನೆ. ಉಳಿದವರು ಓದಿದರೆ ಬೇಡ ಅನ್ನುವುದಿಲ್ಲ.)

ಹಿಮಾಯತ್‌ನಗರದ ನಮ್ಮ ಬೀದಿಯಲ್ಲಿ ಈಗ ಕಂಪ್ಯೂಟರ್ ಕ್ಲಾಸಿನ ಬೋರ್ಡು ತೂಗದ ಕಂಬ ಇಲ್ಲ. ನಮ್ಮ ಮನೆಗೂ ಒಂದು ಕಂಪ್ಯೂಟರ್ ಬಂದು ಕೆಲವು ವರ್ಷವಾಯಿತು. ತಂದವನು ಮಗನಲ್ಲ. ಅವನದು ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ, ಅವನ ಕಂಪ್ಯೂಟರ್ ಅವನ ತಲೆಯಲ್ಲೇ ಇದೆ. ತಂದವಳು ಸೊಸೆ ಸವಿತಾ. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಮಾತಾಡಿದ್ದನ್ನು ಇಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುವ ಕೆಲಸ ಅವಳದು. ಅಲ್ಲಿಯವರ ಹೊಟ್ಟೆನೋವಿಗೆ ಇಲ್ಲಿ ಸಂಬಳ! ಯಾರು ಕನಸು ಕಂಡಿದ್ದರು?

ಟೈಪಿಂಗ್ ಕಲಿಯಲೆಂದು ಅವಳು ತಂದಳು. ಅದರ ಮುಂದೆ ಕೂತವರು ಹುಡುಗಿಯರು. ಪಲ್ಲವಿ ಸವಿತಾಳ ಮಗಳು. ರೂಪಾ ನನ್ನ ಮಗಳ ಮಗಳು, ರಾಯಚೂರಿನಿಂದ ಓದಲು ಬಂದು ನಮ್ಮಲ್ಲೇ ಇದ್ದಾಳೆ. ಇಬ್ಬರೂ ಸೇರಿ ಕೋಠಿ ಪೇಟೆಯ ಫುಟ್‌ಪಾತಿನಿಂದ ಒಂದು ಸಿಡಿ ತಂದರು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಮನೆಯಲ್ಲಿ ಅದು 'ಕೋಟೆ ಆಟ'.

ಆಡದವರಿಗಾಗಿ ಹೇಳುತ್ತೇನೆ. ಶುರುವಿನಲ್ಲಿ ಪರದೆಯೆಲ್ಲ ಕಪ್ಪು. ನಡುವೆ ಬೆಳಕಿನ ಒಂದು ತುಂಡು, ಅದರಲ್ಲಿ ನೀಲಿ ಅಂಗಿಯ ಮೂವರು. ಅವರಿಂದ ಮರ ಕಡಿಸಬೇಕು, ಹೊಲ ಮಾಡಿಸಬೇಕು, ಮನೆ ಕಟ್ಟಿಸಬೇಕು. ನಿಮ್ಮ ಮನುಷ್ಯ ಎಷ್ಟು ದೂರ ನಡೆಯುತ್ತಾನೋ ಅಷ್ಟು ಕಪ್ಪು ಸರಿದು ನೆಲ ಕಾಣುತ್ತದೆ. ಆ ಕತ್ತಲೆಯಲ್ಲಿ ಎಲ್ಲೋ ಕೆಂಪು ಅಂಗಿಯವರೂ ಇದ್ದಾರೆ. ಅವರು ಬಂದು ನಿಮ್ಮನ್ನು ಹೊಡೆಯುವ ಮೊದಲು ನೀವು ಹೋಗಿ ಅವರನ್ನು ಹೊಡೆಯಬೇಕು. ಅದೇ ಗೆಲುವು.

ನಾನು ಹೇಗೆ ಕಲಿತೆ? ಕಾವಲು ಕಾಯುತ್ತ ಕಲಿತೆ. ಪಲ್ಲವಿ ಊಟಕ್ಕೆ ಏಳುವಾಗ, "ಅಜ್ಜೀ, ಒಂದ್ ಮಿನಿಟ್ ಇವರನ್ನ ನೋಡ್ಕೋ. ಯಾರರೆ ಖಾಲಿ ನಿಂತ್ರ ಅವನ್ನ ಒತ್ತಿ, ಮರದ ಮ್ಯಾಲೆ ಒತ್ತು, ಅಷ್ಟ!" ಎಂದು ಮೌಸನ್ನು ನನ್ನ ಕೈಗೆ ತುರುಕಿ ಹೋಗುತ್ತಿದ್ದಳು. ಅವಳ ಒಂದು ಮಿನಿಟ್ ಅಂದರೆ ರೊಟ್ಟಿ, ಪಲ್ಯ, ಅನ್ನ, ಮಜ್ಜಿಗೆ. ಅಷ್ಟರಲ್ಲಿ ನಾನು ಒಂದು ಹೊಲ ಕೊಯ್ಲು ಮಾಡಿಸಿರುತ್ತಿದ್ದೆ.

ಆಮೇಲೆ ಹುಡುಗಿಯರು ಬೆಳೆದರು. ಹೊಸ ಆಟಗಳು ಬಂದವು, ಮನುಷ್ಯರ ಮುಖದ ಬೆವರೂ ಕಾಣುವಂಥವು. ಕೋಟೆ ಆಟ ಹಳತಾಯಿತು. ಅದನ್ನು ಯಾರೂ ಮುಟ್ಟಲಿಲ್ಲ.

ನಾನು ಮುಟ್ಟಿದೆ.

ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ. ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ ನಮ್ಮ ಯಜಮಾನರ ಫೋಟೋ ಇದೆ. ನಾನು ಆಡುವುದು ಅವರೊಬ್ಬರಿಗೇ ಗೊತ್ತಿತ್ತು. ಬದುಕಿದ್ದಾಗಲೂ ಅವರು ಯಾರ ಗುಟ್ಟನ್ನೂ ಯಾರಿಗೂ ಹೇಳಿದವರಲ್ಲ.

ಹಳ್ಳಿಯ ನೆನಪಾಗಿ ಆಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಸುಳ್ಳು. ನಮ್ಮ ಹಳ್ಳಿಯಲ್ಲಿ ಒಂದು ಮಾತಿಗೆ ಯಾರು ಎದ್ದು ಕೆಲಸಕ್ಕೆ ಹೋಗುತ್ತಿದ್ದರು? ಇಲ್ಲಿ ಒತ್ತಿದ ಕೂಡಲೇ 'ಹೂಂ' ಎಂಬಂತೆ ಒಂದು ದನಿ ಮಾಡಿ ಹೊರಡುತ್ತಾರೆ. ಆ 'ಹೂಂ'ಗೇ ನಾನು ಮರುಳಾದದ್ದು. ಜೀವನದಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಬೇಗ ಕೇಳಿದ್ದಿಲ್ಲ.

ಯುದ್ಧ ಮಾತ್ರ ನನಗೆ ಒಗ್ಗಲಿಲ್ಲ. ಆಟದ ನದಿಗೆ ದಾಟುವ ಜಾಗ ಒಂದೇ. ಅಲ್ಲಿ ಸಾಲಾಗಿ ಕಟ್ಟಿಗೆಯ ಗೋದಾಮು ಕಟ್ಟಿಸಿದೆ. ಸಣ್ಣವರಿದ್ದಾಗ ಬಂಡೆಯ ಮೇಲೆ ಗೆರೆ ಗೀಚಿ ಹುಲಿ-ಕುರಿ ಆಡುತ್ತಿದ್ದೆವಲ್ಲ, ಅದರಲ್ಲಿ ಕುರಿ ಹುಲಿಯನ್ನು ಹೊಡೆಯುವುದಿಲ್ಲ. ದಾರಿ ಕಟ್ಟುತ್ತದೆ ಅಷ್ಟೆ. ಕೆಂಪು ಸೈನಿಕರು ಬಂದರು, ಗೋದಾಮು ನೋಡಿದರು, ಆಚೆ ದಂಡೆಯಲ್ಲಿ ನಿಂತರು. ನಿಂತೇ ಇದ್ದರು. ಇವರ ಊಟದ ಗತಿ ಏನು ಎಂದು ನನಗೆ ಎಷ್ಟೋ ಸಲ ಅನಿಸಿದೆ. (ಕಂಪ್ಯೂಟರಿನವರಿಗೆ ಹಸಿವಿಲ್ಲ ಎಂದು ಗೊತ್ತು. ಆದರೂ.)

ಅವರಲ್ಲಿ ಮುಂದಿನವನು ಸ್ವಲ್ಪ ಬಾಗಿ ನಿಂತಿದ್ದ. ನಮ್ಮೂರಿನಲ್ಲಿ ಶಿವಪ್ಪ ಎಂಬುವನು ಹಳ್ಳದ ಮುಂದೆ ಹಾಗೇ ನಿಲ್ಲುತ್ತಿದ್ದ, ಧೋತರ ಎತ್ತಿ ಹಿಡಿದು, ದಾಟಲೋ ಬೇಡವೋ ಎಂದು. ಇವನಿಗೂ ಶಿವಪ್ಪ ಎಂದೇ ಹೆಸರಿಟ್ಟೆ. ಆಟ ತೆರೆದ ಕೂಡಲೇ ಮೊದಲು ನದಿಯ ಕಡೆ ನೋಡುತ್ತಿದ್ದೆ. ಶಿವಪ್ಪ ಇದ್ದಾನೆ. ಸರಿ, ಇನ್ನು ಕೆಲಸ ಶುರು.

ಯುದ್ಧದ ಗಡಿಬಿಡಿ ಇಲ್ಲದವರಿಗೆ ಆ ಆಟ ತನ್ನ ಗುಟ್ಟುಗಳನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಮೊಮ್ಮಕ್ಕಳೇ, ಇದನ್ನು ನೀವು ಗಮನಿಸಿರಲಾರಿರಿ. ಎರಡು ಮನೆಗಳ ನಡುವೆ ಬಾವಿ ತೋಡಿಸಿದರೆ ಕೆಲ ಹೊತ್ತಿಗೆ ಅಲ್ಲಿಗೆ ಇಬ್ಬರು ಹೆಂಗಸರು ಬಂದು ಮಾತಿಗೆ ನಿಲ್ಲುತ್ತಾರೆ. ನೀವು ಕರೆಯಬೇಕಿಲ್ಲ. ಹೊಲವೊಂದನ್ನು ಸುಮ್ಮನೆ ಬಿಟ್ಟರೆ ಅದರ ಅಂಚಿಗೆ ಹಳದಿ ಹೂವು ಬರುತ್ತದೆ. ಮಲಗಿದ ನಾಯಿಯ ಮೇಲೆ ಮೇಲಿಂದ ಮೇಲೆ ಒತ್ತಿದರೆ ಅದು ಬೇಸರಪಟ್ಟು ಎದ್ದು ಹೋಗಿ ಬೇರೆ ಕಡೆ ಮಲಗುತ್ತದೆ. ಗೆಲ್ಲುವುದಕ್ಕೆ ಇದರಿಂದ ಉಪಯೋಗ? ಏನೂ ಇಲ್ಲ. ಯಾವುದೋ ದೇಶದಲ್ಲಿ ಯಾರೋ ಕೂತು ಆ ನಾಯಿಗೆ ಬೇಸರಪಡುವುದನ್ನು ಕಲಿಸಿದ್ದಾರೆ. ಯಾರು ನೋಡುತ್ತಾರೆ ಎಂದುಕೊಂಡು?

ಮುದುಕಿ ಸಿಕ್ಕದ್ದೂ ಹಾಗೆಯೇ. ಆಡುವವರೆಲ್ಲ ಹತ್ತಿರದ ಮರ ಕಡಿಯುತ್ತಾರೆ, ಬೇಗ ಆಗುತ್ತದೆ ಎಂದು. ಊರ ಪಕ್ಕದ ನೆರಳು ಬೋಳಾಗುವುದು ನನಗೆ ಸರಿ ಕಾಣಲಿಲ್ಲ. ನನ್ನವರನ್ನು ದೂರದ ಮೂಲೆಯ ಕಾಡಿಗೆ ಕಳಿಸುತ್ತಿದ್ದೆ. ಒಂದು ಮಧ್ಯಾಹ್ನ ಒಂದು ಮರ ಬಿದ್ದಾಗ ಅದರ ಹಿಂದೆ ಗುಡಿಸಲು ಕಂಡಿತು. ಹೊಗೆ ಏಳುತ್ತಿತ್ತು. ಕೋಳಿಗಳಿದ್ದವು. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಆಟದಲ್ಲಿ ಎಲ್ಲರೂ ನೀಲಿ, ಇಲ್ಲವೇ ಕೆಂಪು. ಅವಳದು ಬೂದು ಬಟ್ಟೆ. ಯಾರ ಪಕ್ಷವೂ ಅಲ್ಲ. ನನ್ನ ಮನುಷ್ಯ ಎದುರು ನಿಂತಾಗ ಅವಳು ಎದ್ದು, ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು. ಮತ್ತೆ ಕೂತಳು. ಅಷ್ಟೇ.

ಆವತ್ತು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲಿಲ್ಲ. ಮನೆಯ ಹಿರಿಯಳು, ಅದೂ ವಿಧವೆ, ಮಧ್ಯಾಹ್ನವಿಡೀ ಕಂಪ್ಯೂಟರ್ ಆಟ ಆಡುತ್ತಾಳೆ ಅಂದರೆ ನಕ್ಕಾರು ಎಂಬ ಅಂಜಿಕೆ.

ಈಗ ಆ ಭಾನುವಾರಕ್ಕೆ ಬರೋಣ. ಸವಿತಾಳಿಗೆ ಇನ್ನು ಮನೆಯಿಂದಲೇ ಕೆಲಸ ಮಾಡಬಹುದು ಎಂದು ಆಫೀಸಿನವರು ಹೇಳಿದ್ದರು. ಮರುದಿನ ಅವರ ಮನುಷ್ಯ ಬಂದು ಏನೋ ಹಾಕಿಕೊಡುವುದಿತ್ತು. ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ. ಬೇಡಾದ್ದು ಅಳಿಸಲು ಹುಡುಗಿಯರು ಕೂತರು.

"ಈ ಹಳೇ ಕೋಟಿ ಆಟ ತಗದ್ರ ಭಾಳ ಜಾಗಾ ಆಗ್ತೈತಿ ಮಮ್ಮಿ," ಎಂದಳು ಪಲ್ಲವಿ.

"ತಗಿ ಮತ್ತ. ಯಾರ್ ಆಡ್ತಾರ ಅದನ್ನ?" ಎಂದಳು ಸವಿತಾ.

ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಕೈ ನಿಂತಿತು. ಒಮ್ಮೆ ಅಳಿಸಿದರೆ ಮತ್ತೆ ಹಾಕಲು ಸಿಡಿ ಇಲ್ಲ. ಅದನ್ನು ರೂಪಾ ನೀರಿನ ಹೂಜಿಗೆ ಮುಚ್ಚಳ ಮಾಡಿ ಗೀರು ಬೀಳಿಸಿ ಎಷ್ಟೋ ದಿನವಾಗಿತ್ತು.

"ಏ ತಡಿ ಪಲ್ಲು, ಲಾಸ್ಟ್ ಟೈಮ್ ಒಮ್ಮೆ ಓಪನ್ ಮಾಡು," ಎಂದಳು ರೂಪಾ. "ಬರೇ ಮ್ಯೂಸಿಕ್ ಕೇಳೋಣು."

ಮ್ಯೂಸಿಕ್ ಬಂತು. ಹಿಂದೆಯೇ ನನ್ನ ಸೇವ್ ಕೂಡ ಕಂಡಿತು. ಆಟ ಉಳಿಸುವಾಗ ಒಂದು ಹೆಸರು ಕೇಳುತ್ತದೆ. ನಾನು ಹಳ್ಳಿ ಶಾಲೆಯಲ್ಲಿ ಕಲಿತವಳು, ಇಂಗ್ಲಿಷಿನಲ್ಲಿ ಬೆರಳು ಓಡುವುದಿಲ್ಲ. 'ಎ' ಅಕ್ಷರವನ್ನೇ ಮೂರು ಸಲ ಒತ್ತಿಬಿಡುತ್ತಿದ್ದೆ. ಪ್ರತಿ ದಿನವೂ ಅದೇ ಹೆಸರು, ಹಳೆಯದರ ಮೇಲೆ ಹೊಸದು.

"ಇದ್ಯಾರದು? ಎ ಎ ಎ? ನಿಂದಾ?"

"ನಂದಲ್ಲಪಾ, ನಿಂದಿರಬೇಕು. ಅರೇ ಬಾಪ್ ರೇ! ಎಷ್ಟ್ ದೊಡ್ಡ ಊರು! ಒಬ್ಬ ಸೋಲ್ಜರ್ ಇಲ್ಲ ನೋಡು!"

"ಕೆಂಪು ಮಂದಿ ನೋಡು, ರೇಷನ್ ಅಂಗಡಿ ಮುಂದ ಕ್ಯೂ ನಿಂತಂಗ ನಿಂತಾರ!"

ಇಬ್ಬರೂ ನಕ್ಕರು. ಆಮೇಲೆ ರೂಪಾ ಕಿರುಚಿದಳು. "ಮುದುಕಿ! ಪಲ್ಲೂ, ಮುದುಕಿ!"

ಆಗ ಗೊತ್ತಾಯಿತು ನನಗೆ: ಆ ಮುದುಕಿ ಇವರ ಶಾಲೆಯಲ್ಲೆಲ್ಲ ಪ್ರಸಿದ್ಧಳು. ಕೋಟೆ ಆಟದಲ್ಲಿ ಎಲ್ಲೋ ಒಬ್ಬ ಮುದುಕಿ ಇದ್ದಾಳಂತೆ ಎಂಬ ಸುದ್ದಿ ಇತ್ತಂತೆ. ನೋಡಿದವರು ಯಾರೂ ಇಲ್ಲ. ಇದ್ದಾಳೆ ಅಂದಿದ್ದಕ್ಕೆ ಪಲ್ಲವಿಯನ್ನು ಕ್ಲಾಸಿನಲ್ಲಿ ಗೇಲಿ ಮಾಡಿದ್ದರಂತೆ.

"ಯಾರ್ ಹುಡುಕ್ಯಾರ ಇದನ್ನ? ಮಮ್ಮಿ, ನೀ ಆಡ್ತಿಯೇನು?"

"ನನಗ ಉಸಿರಾಡಾಕ ಟೈಮಿಲ್ಲ, ಆಟ ಆಡ್ತಾಳಂತ! ನಿಮ್ಮ ಗೆಳತ್ಯಾರು ಯಾರರೆ ಆಡಿರಬೇಕು. ನೋಡಿದ್ದ ಆತಿಲ್ಲೋ? ತಗೀರಿನ್ನ."

ಹಿಟ್ಟಿನ ಕೈಯಲ್ಲೇ ನಾನು ಪಡಸಾಲೆಯ ಬಾಗಿಲಿಗೆ ಬಂದು ನಿಂತೆ. "ತಗೀಬ್ಯಾಡ್ರಿ," ಎಂದೆ. ಮ್ಯೂಸಿಕ್ಕಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ತಗೀಬ್ಯಾಡ್ರಿ. ಅದು ನಂದು."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. "ಅಜ್ಜಿ ಜೋಕ್ ಕೇಳಿದೇನು!"

ಸವಿತಾ ನಗಲಿಲ್ಲ. ನನ್ನ ಕೈ ನೋಡಿದಳು. ಹೋಗಿ ಮೌಸನ್ನು ಎತ್ತಿ ತಿರುವಿ ಹಾಕಿದಳು.

"ಅಯ್ಯ ನಮ್ಮತ್ತೀ! ಇದರ ಸಂದ್ಯಾಗ ಜ್ವಾಳದ ಹಿಟ್ಟು ಎಲ್ಲಿಂದ ಬರ್ತೈತಿ ಅಂತ ಈ ಹುಡಿಗ್ಯಾರಿಗೆ ಎಷ್ಟ್ ಬೈದೀನ್ರಿ ನಾ!"

ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಬೆನ್ನ ಹಿಂದೆ ಮೂವರೂ ನಿಂತರು. ಮೊದಲು ತಪ್ಪಿ ನಾಯಿಯ ಮೇಲೆಯೇ ಎರಡು ಮೂರು ಸಲ ಒತ್ತಿದೆ, ಅದು ಬೇಸರಪಟ್ಟು ಎದ್ದು ಹೋಯಿತು. ಆಮೇಲೆ ಒಬ್ಬನನ್ನು ಕಾಡಿನ ದಾರಿಯಲ್ಲಿ ನಡೆಸಿದೆ. ಮುದುಕಿ ಎದ್ದಳು. ಹುಬ್ಬಿಗೆ ಕೈ ಇಟ್ಟಳು. ನಮ್ಮನ್ನೇ ನೋಡಿದಂತಿತ್ತು.

"ಜಾಗಾ ಬೇಕಾದ್ರ ಸಿನಿಮಾ ಹಾಡು ತಗೀರಿ," ಎಂದಳು ಸವಿತಾ.

"ಮಮ್ಮೀ! ನಮ್ಮ ಹಾಡು!"

"ಹಾಡು ರೇಡಿಯೋದಾಗ ಬರ್ತಾವ. ಅತ್ತಿ ಊರು ಎಲ್ಲೆ ಬರ್ತೈತಿ?" ನನ್ನ ಕಡೆ ತಿರುಗಿ, "ಡಾಕ್ಟರ್ ದನಿ ಸಂಜಿ ಮ್ಯಾಲೇ ಬರೋದ್ರಿ ಅತ್ತಿ. ಮಧ್ಯಾಹ್ನ ನಿಮ್ದು," ಎಂದಳು.

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ಲವೇ?

ಆ ವಾರವೆಲ್ಲ ಹುಡುಗಿಯರು ನನ್ನ ಬಗ್ಗೆ ಹೇಳದ ಮನೆ ಇರಲಿಲ್ಲ. ಮೇಲಿನ ಮನೆಯ ತೆಲುಗಿನ ಹೆಂಗಸು ಮೆಟ್ಟಿಲ ಮೇಲೆ ನಿಲ್ಲಿಸಿ, "ಗೇಮ್ಸ್ ಆಡುತಾರಟ ಕದಾ, ಅಮ್ಮಾ?" ಎಂದು ಕೇಳಿದರು, ಆಡುತ್ತೀರಂತಲ್ಲ ಎಂದು. ನಾನು ಸೆರಗು ಎಳೆದುಕೊಂಡು ಒಳಗೆ ಬಂದೆ. ಆದರೆ ನಿಜ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗಿದೆ.

ಶನಿವಾರ ಸವಿತಾಳ ಜತೆ ಸುಲ್ತಾನ್ ಬಜಾರಿಗೆ, ಮಗನ ಅಂಗಡಿಗೆ ಹೋಗಿದ್ದೆ. ಸಂಜೆ ಬರುವಷ್ಟರಲ್ಲಿ ಹುಡುಗಿಯರು ಬಾಗಿಲಲ್ಲೇ ಕಾಯುತ್ತಿದ್ದರು.

"ಅಜ್ಜೀ, ಕಣ್ಣು ಮುಚ್ಚು!"

ಮುಚ್ಚಿದೆ. ಕೈ ಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ತೆರೆದಾಗ ಪರದೆಯ ತುಂಬ ಬಂಗಾರದ ಬಣ್ಣದ ದೊಡ್ಡ ಅಕ್ಷರಗಳು. ಕಹಳೆ ಊದುತ್ತಿತ್ತು.

"ಗೆದ್ದಿ ಅಜ್ಜಿ! ನಾವು ನಿನಗ ಗೆಲ್ಲಿಸಿ ಕೊಟ್ಟೀವಿ!" ಎಂದು ಪಲ್ಲವಿ ಕುಣಿದಳು. "ಪಾಪ, ಎಷ್ಟ್ ವರ್ಷದಿಂದ ಅಲ್ಲೇ ಸಿಕ್ಕೊಂಡಿದ್ದಿ!"

"ಹೆಂಗ ಗೆದ್ರಿ?" ಎಂದೆ.

"ಚೀಟ್ ಕೋಡ್ ಹಾಕಿ ಪುಕ್ಕಟೆ ಬಂಗಾರ ತಗೊಂಡ್ವಿ, ಸೋಲ್ಜರ್ಸ್ ಮಾಡಿದ್ವಿ," ಎಂದಳು ರೂಪಾ. "ನಿನ್ನ ಗೋದಾಮು ಒಂದು ಕೆಡವಿದ್ವಿ. ಅವರು ಒಬ್ಬೊಬ್ಬರ ಒಳಗ ಬಂದ್ರು. ಬಂದಂಗ ಹೊಡದ್ವಿ. ಆಮ್ಯಾಲೆ ಅವರ ಊರಿಗೇ ಹೋಗಿ ಬೆಂಕಿ ಹಚ್ಚಿದ್ವಿ!"

"ಎಲ್ಲಾರನ್ನೂ ಹೊಡದ್ರೇನು?"

"ಒಬ್ಬನ್ನೂ ಬಿಟ್ಟಿಲ್ಲ!"

"ಮುಂದ ಒಬ್ಬ ಬಾಗಿ ನಿಂತಿದ್ದನಲ್ಲ..."

"ಅವನ್ನ ಮೊದಲ ಹೊಡದ್ವಿ ಅಜ್ಜಿ!"

"ಸೇವ್ ಮಾಡೀರಾ?"

"ಹೂಂ ಮತ್ತ! ನಿನ್ನ ಹೆಸರಿನ ಮ್ಯಾಲೇ. ಎ ಎ ಎ."

ಗೆದ್ದ ಮೇಲೆ ಆ ಆಟ ನಿಮ್ಮನ್ನು ಮತ್ತೆ ಊರೊಳಗೆ ಬಿಡುವುದಿಲ್ಲ. ಎಷ್ಟು ಸಲ ತೆರೆದರೂ ಅದೇ ಬಂಗಾರದ ಅಕ್ಷರ, ಅದೇ ಕಹಳೆ. ಬಾವಿಯ ಹತ್ತಿರದ ಹೆಂಗಸರು, ನಾಯಿ, ಬೂದು ಬಟ್ಟೆಯ ಮುದುಕಿ ಎಲ್ಲ ಅದರ ಹಿಂದೆ ಎಲ್ಲೋ ಇದ್ದಾರೆ. ಅಥವಾ ಇಲ್ಲ.

"ಛಲೋ ಆತು," ಎಂದೆ. ಇಬ್ಬರಿಗೂ ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟೆ. ಹಸಿಮೆಣಸಿನಕಾಯಿ ಜಾಸ್ತಿಯಾಯಿತು ಎಂದರು.

ಈ ಊರಲ್ಲಿ ಈಗ ಎಲ್ಲರಿಗೂ ಏನನ್ನಾದರೂ ಮುಗಿಸುವ ಅವಸರ. ಕೋರ್ಸು ಮುಗಿಸಬೇಕು, ಫ್ಲೈಓವರ್ ಮುಗಿಸಬೇಕು, ಪ್ರಾಜೆಕ್ಟ್ ಮುಗಿಸಬೇಕು. ತಪ್ಪೇನಿಲ್ಲ. ಹಾಗೆ ಮುಗಿಸಿದ್ದಕ್ಕೇ ತಾನೆ ಸವಿತಾಳಿಗೆ ಕೆಲಸ ಸಿಕ್ಕದ್ದು? ಹುಡುಗಿಯರೂ ಪ್ರೀತಿಯಿಂದಲೇ ಮಾಡಿದರು. ಪಲ್ಲೂ, ರೂಪೀ, ಇದನ್ನು ಓದಿ ನೀವು ಮುಖ ಸಣ್ಣ ಮಾಡಬೇಡಿ. ಎದುರಿಗೆ ಹೇಳಲಾಗಲಿಲ್ಲ, ಅದಕ್ಕೇ ಬರೆದೆ.

ನಿನ್ನೆ ಮಧ್ಯಾಹ್ನ ಹೊಸದಾಗಿ ಶುರು ಮಾಡಿದ್ದೇನೆ. ನೀಲಿ ಅಂಗಿಯ ಮೂವರು, ಸುತ್ತ ಕತ್ತಲೆ. ಈ ಸಲ ನದಿ ಬೇರೆ ಕಡೆ ಇದೆ. ಮುದುಕಿ ಇದ್ದಾಳೋ ಇಲ್ಲವೋ, ಇದ್ದರೆ ಎಲ್ಲಿದ್ದಾಳೋ, ಗೊತ್ತಿಲ್ಲ.

ಒಂದೇ ಒಂದು ಮಾತು ಕೇಳಬೇಕಿತ್ತು, ಮಕ್ಕಳೇ. ನಾನು ಗೆದ್ದೆ ಅಂದಿರಲ್ಲ, ಶಿವಪ್ಪನಿಗೂ ನನಗೂ ಜಗಳ ಇತ್ತು ಅಂತ ನಿಮಗೆ ಯಾರು ಹೇಳಿದರು?