ಕೆಂಪು ಬಟ್ಟೆ ಕಟ್ಟಿದ ಕ್ಯಾನು

ಮೀನಿನ ಕಿವಿರು ಎತ್ತಿ ಮೂಸಿದರೆ ಅದು ಇವತ್ತಿನದೋ ನಿನ್ನೆಯದೋ ಹೇಳುವ ಮೂಗು ನನ್ನದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಮೂಗು ಒಂದು ದಿನ ನನ್ನ ವ್ಯಾನನ್ನೂ ಉಳಿಸುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಡಲತಡಿಯ ನಮ್ಮೂರು ಕೋಡಿಯ ಸುತ್ತಮುತ್ತ ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು ನಾನು. ದೋಣಿ ಅಣ್ಣನದು. ಅವನು ಹಿಡಿಯುವುದು, ನಾನು ಮಾರುವುದು. ಕಳೆದ ವರ್ಷ ಒಂದು ಹಳೆಯ ವ್ಯಾನು ಕೊಂಡೆ. ಅದು ಅಂಗಳಕ್ಕೆ ಬಂದ ದಿನ ಅಣ್ಣ ಸುತ್ತು ಹಾಕಿ ನೋಡಿ, "ಹೆಂಗ್ಸ್ರಿಗೆ ಬುಟ್ಟಿ ಸಾಕಾತಿಲ್ಯಾ? ದಾರಿ ಮೇಲ್ ನಿಂತ್ರೆ ಎಂತ ಮಾಡ್ತಿ?" ಅಂದ. ನನಗೆ ಮೈಯೆಲ್ಲ ಉರಿಯಿತು. "ನಿನ್ನ್ ದೋಣಿ ನಡು ನೀರಲ್ ನಿಂತ್ರೆ ನೀ ಎಂತ ಮಾಡ್ತಿ, ನಾನೂ ಅದನ್ನೇ ಮಾಡ್ತೆ" ಅಂದೆ.

ಬ್ರಹ್ಮಾವರದ ಒಂದು ಊಟದ ಹೋಟೆಲು ದಿನಾ ನನ್ನಿಂದಲೇ ಮೀನು ತೆಗೆದುಕೊಳ್ಳಲು ಒಪ್ಪಿತು. ಅಡುಗೆಯವರದು ಒಂದೇ ಮಾತು: "ಹತ್ತ್ ಗಂಟಿ ಒಳ್ಗ್ ಬರ್ಕ್. ಮೊದಲ್ನೇ ದಿನವೇ ತಡ ಆರೆ ಮತ್ತ್ ಬಪ್ಪುದ್ ಬ್ಯಾಡ." ಆ ಹೋಟೆಲು ಸಿಕ್ಕಿದರೆ ನನ್ನ ತಲೆಯಿಂದ ಬುಟ್ಟಿ ಖಾಯಂ ಇಳಿದ ಹಾಗೆ.

ಮೊದಲ ದಿನ ಬೆಳಿಗ್ಗೆ ವ್ಯಾನಿನ ಗಾಜು ಫಳಫಳ ಹೊಳೆಯುವಂತೆ ಒರೆಸಿ, ಬಂಗುಡೆ, ಅಂಜಲ್ ಎಲ್ಲ ಐಸು ಹಾಕಿ ಬುಟ್ಟಿಗೆ ತುಂಬಿಕೊಂಡು ಹೊರಟೆ. ಪೆಟ್ರೋಲು ಕಡಿಮೆ ಇದೆಯೆಂದು, ನಾನು ಮೀನು ತುಂಬುತ್ತಿರುವಾಗ ಅಣ್ಣನೇ ದೋಣಿಯ ಕ್ಯಾನಿನಿಂದ ಹೊಯ್ದುಕೊಟ್ಟಿದ್ದ. ಬೀಜಾಡಿ ಮುಟ್ಟುವಷ್ಟರಲ್ಲಿ ವ್ಯಾನು ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಕೀ ತಿರುಗಿಸಿದರೆ ಕರ್ರ್ ಕರ್ರ್ ಎಂದು ಇಂಜಿನ್ನು ತಿರುಗುತ್ತದೆ, ಹತ್ತುವುದಿಲ್ಲ. ಗಂಟೆ ಎಂಟು ಹೊಡೆದಿತ್ತು.

ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ ಬಂದ. ಎರಡು ಸಲ ಕೀ ತಿರುಗಿಸಿದ, ಅಷ್ಟೇ. "ಪೆಟ್ರೋಲ್ ಪಂಪ್ ಹೋಯ್ತ್ ಅಕ್ಕ. ಎಳ್ಕಂಡ್ ಹೋಯ್ಕ್. ನಾಳೆ ಕಾಂಬ" ಎಂದು ಹೇಳಿ ಹೋದ. ನಾಳೆಯಂತೆ ನಾಳೆ! ಅಣ್ಣನಿಗೆ ಫೋನ್ ಮಾಡಿದೆ. ಅವನು ದೋಣಿಯ ಸ್ಪಾನರುಗಳನ್ನು ಹಿಡಿದುಕೊಂಡು ಸ್ಕೂಟರಿನಲ್ಲಿ ಬಂದು, "ನಾ ಅವತ್ತೇ ಹೇಳಿದ್ದೆ" ಎಂದು ಶುರುಮಾಡಿದ. "ಬಾಯ್ ಮುಚ್ಚಿ ಕೀ ತಿರ್ಗ್ಸ್" ಅಂದೆ.

ದೋಣಿಯ ಇಂಜಿನ್ನು ಬಿಚ್ಚಿ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಇಂಜಿನ್ನು ಜೋರಾಗಿ ತಿರುಗುತ್ತಿದೆ, ಹಾಗಾದರೆ ಬ್ಯಾಟರಿಯ ತಪ್ಪಿಲ್ಲ. ಟ್ಯಾಂಕಿಗೆ ಕಿವಿ ಕೊಟ್ಟು ಅಣ್ಣನಿಗೆ ಕೀ ಹಾಕಲು ಹೇಳಿದೆ. ಝುಂಯ್ ಎಂದು ಸಣ್ಣಗೆ ಸದ್ದು ಬಂತು. ಪಂಪು ಜೀವಂತ ಇದೆ! ಆ ಮೆಕ್ಯಾನಿಕ್ ಒಂದು ಸಲ ಕಿವಿ ಕೊಟ್ಟಿದ್ದರೆ ಅವನಿಗೂ ಕೇಳುತ್ತಿತ್ತು.

ಸೀಟು ಎತ್ತಿ ಅದರಡಿಯ ಇಂಜಿನ್ನಿನ ಒಂದು ಪ್ಲಗ್ಗು ಬಿಚ್ಚಿದೆ. ಅದನ್ನು ವಯರಿಗೆ ಸಿಕ್ಕಿಸಿ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಮತ್ತೆ ತಿರುಗಿಸಲು ಹೇಳಿದೆ. ನೀಲಿ ಕಿಡಿ ಟಿಕ್ ಟಿಕ್ ಎಂದು ಹಾರಿತು. ಕಿಡಿ ಇದೆ. ಪ್ಲಗ್ಗು ಒದ್ದೆಯಾಗಿದೆ, ಎಂದರೆ ಪೆಟ್ರೋಲೂ ಬರುತ್ತಿದೆ. ಮತ್ತೆ ಈ ಹಾಳು ಗಾಡಿಗೆ ಇನ್ನೆಂತ ಬೇಕು?

ಅಭ್ಯಾಸ ಬಲ, ಮೀನಿನಂತೆ ಪ್ಲಗ್ಗನ್ನೂ ಮೂಗಿಗೆ ಹಿಡಿದೆ. ಸೀಮೆಎಣ್ಣೆ!

ನಮ್ಮ ದೋಣಿಯ ಇಂಜಿನ್ನನ್ನು ಪೆಟ್ರೋಲಿನಲ್ಲಿ ಹತ್ತಿಸಿ, ಹತ್ತಿದ ಮೇಲೆ ಸೀಮೆಎಣ್ಣೆಯಲ್ಲಿ ಓಡಿಸುವುದು. ಎರಡಕ್ಕೂ ಒಂದೇ ತರದ ಕ್ಯಾನು. ಗುರುತಿಗೆ ಪೆಟ್ರೋಲಿನ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟುವುದು ಅಪ್ಪನ ಕಾಲದ ರೂಢಿ. "ಕಣ್ಣ್ ಎಲ್ಲಿತ್ತ್ ನಿಂದ್? ವ್ಯಾನಿಗೆ ಸೀಮೆಎಣ್ಣೆ ಹೊಯ್ದಿದ್ಯಲ್ಲ ಮಾರಾಯ!" ಎಂದು ಅಣ್ಣನ ಮೇಲೆ ಹಾರಿಬಿದ್ದೆ. ಅವನು ಮೆಲ್ಲಗೆ, "ಕೆಂಪ್ ಬಟ್ಟೆ ಕಂಡೇ ಹೊಯ್ದದ್ದ್" ಅಂದ.

ಬೆಳಿಗ್ಗೆ ಗಾಜು ಒರೆಸಲು ಆ ಬಟ್ಟೆ ಬಿಚ್ಚಿದವಳು ನಾನೇ. ಒರೆಸಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಕ್ಯಾನಿಗೆ ಕಟ್ಟಿದವಳೂ ನಾನೇ. ನಾಚಿಕೆಯಾಯಿತು. "ತಪ್ಪ್ ನಂದೇ" ಅಂದೆ. ಜನ್ಮದಲ್ಲಿ ಮೊದಲ ಸಲ ಅಣ್ಣನ ಹತ್ತಿರ ಆ ಮಾತು ಹೇಳಿದ್ದು. ಅವನು ಸ್ಕೂಟರ್ ಹತ್ತಿ ಪೆಟ್ರೋಲು ತರಲು ಹೋದ.

ವ್ಯಾನಿನ ಅಡಿಗೆ ನುಗ್ಗಿ ಟ್ಯಾಂಕಿನ ಬೋಲ್ಟು ಬಿಚ್ಚಿ ಎಲ್ಲ ಬಸಿದೆ. ಮೂರೂ ಪ್ಲಗ್ಗು ಒರೆಸಿ ಬಿಸಿಲಿಗೆ ಒಣಗಿಸಿ ಹಾಕಿದೆ. ಅಣ್ಣ ತಂದ ಪೆಟ್ರೋಲನ್ನು ಮೂಸಿಯೇ ಹೊಯ್ದೆ. ಕೀ ತಿರುಗಿಸಿದೆ. ಕರ್ರ್ ಕರ್ರ್. ಇನ್ನೊಂದು ಸಲ. ಒಂದು ಕೆಮ್ಮು, ಹಿಂದಿನಿಂದ ಬಿಳಿ ಹೊಗೆ, ಮತ್ತೆ ಭರ್ರ್! ಹತ್ತಿತು! ನಾನು ರಸ್ತೆಯಲ್ಲೇ "ಹ್ವಾಯ್!" ಎಂದು ಕೂಗಿಬಿಟ್ಟೆ. ಬಸ್ಸಿನಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು.

ಆದರೆ ಕೈ! ಪಕ್ಕದ ಮನೆಯ ಬಾವಿಕಟ್ಟೆಯಲ್ಲಿ ಸಾಬೂನು ತಿಕ್ಕಿದೆ, ಹುಣಸೆಹಣ್ಣು ತಿಕ್ಕಿದೆ, ಸೀಮೆಎಣ್ಣೆ ಹೋಗಲೊಲ್ಲದು. ಆ ಕೈಯಲ್ಲಿ ಮುಟ್ಟಿದ ಮೀನನ್ನು ಯಾರು ತಿಂದಾರು? ಅಣ್ಣನ ಕೈ ನೋಡಿದೆ. ಅವನು ಕೀ ತಿರುಗಿಸಿದವನು, ಮುಚ್ಚಿದ ಕ್ಯಾನು ತಂದವನು; ಅವನ ಕೈಯಲ್ಲಿ ವಾಸನೆ ಇಲ್ಲ. ಅವನಿಗೂ ಅರ್ಥವಾಯಿತು. ನಮ್ಮ ಮನೆಯ ಗಂಡಸರು ಯಾರೂ ಮೀನಿನ ಬುಟ್ಟಿ ಹೊತ್ತು ಗಿರಾಕಿಯ ಬಾಗಿಲಿಗೆ ಹೋದವರಲ್ಲ. ಅದು ಹೆಂಗಸರ ಕೆಲಸ. ಅಣ್ಣ ಸ್ಕೂಟರನ್ನು ಆ ಮನೆಯ ಅಂಗಳದಲ್ಲಿ ಬಿಟ್ಟು ಕೈ ತೊಳೆದುಕೊಂಡು ವ್ಯಾನು ಹತ್ತಿದ.

ಹತ್ತಕ್ಕೆ ಐದು ನಿಮಿಷ ಇರುವಾಗ ಹೋಟೆಲಿನ ಹಿಂಬಾಗಿಲಲ್ಲಿ ನಿಂತೆವು. ಅಣ್ಣ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಒಳಗೆ ನಡೆದ, ಕೈ ಹಿಂದೆ ಕಟ್ಟಿಕೊಂಡು ನಾನು. ಅಡುಗೆಯವರು ಒಂದು ಬಂಗುಡೆಯ ಕಿವಿರು ಎತ್ತಿ ಮೂಸಿ ತಲೆಯಾಡಿಸಿದರು. ಮತ್ತೆ ಅಣ್ಣನನ್ನು ಕೇಳಿದರು: "ನಾಳೆಯಿಂದ ಮೀನ್ ತಕಂಡ್ ಬಪ್ಪುದ್ ನೀವಾ?"

ಅಣ್ಣ ಬುಟ್ಟಿ ಇಳಿಸಿ ಹಣೆ ಒರೆಸಿಕೊಂಡ.

"ಅಲ್ಲ. ಗಾಡಿಯೂ ಇವ್ಳದ್ದೇ, ಯಾಪಾರವೂ ಇವ್ಳದ್ದೇ. ನಾ ಬರೀ ಬುಟ್ಟಿ ಹೊರುಕೆ ಬಂದವ."