ಚೀಲದ ತಳ

ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಬದುಕು ಸವೆಸಿದ ಹೊಳಿಯಪ್ಪನಿಗೆ ಒಂದೇ ಹೆಮ್ಮೆ. ಮೆಣಸಿನಕಾಯಿ ಚೀಲದ ಬಾಯನ್ನು ಅವನಷ್ಟು ಚೆಂದ ಸಿಂಗರಿಸುವವರು ಯಾರೂ ಇರಲಿಲ್ಲ. ಕೆಂಪಗೆ ಮಿರುಗುವವು ಮೇಲೆ, ಬಿಳಿಚಿಕೊಂಡವು ಕೆಳಗೆ. ಖರೀದಿದಾರ ಅಬ್ದುಲರಜಾಕ ಸಾಹೇಬರು ಮಾತ್ರ ಆ ಸಿಂಗಾರಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ತೋಳೇರಿಸಿ, ತಳಕ್ಕೇ ಕೈ ಹಾಕಿ ಒಂದು ಹಿಡಿ ಎಳೆಯುವರು. "ಹೊಳಿಯಪ್ಪಾ, ಮ್ಯಾಲಿನ ಮಾರಿ ಬ್ಯಾಡೋ, ತಳಾ ತೋರಸು," ಎಂದು ಸೀನುತ್ತಲೇ ನಗುವರು. ಆಮೇಲೆ ಇಬ್ಬರಿಗೂ ಸೇರಿ ಒಂದೇ ಚಹಾ. ಕಪ್ಪಿನಲ್ಲಿ ಉಳಿದದ್ದು ಹೊಳಿಯಪ್ಪನಿಗೆ, ಕಪ್ಪಿನ ಕೆಳಗಿನ ಬಸಿಗೆ ಸುರಿದದ್ದು ಸಾಹೇಬರಿಗೆ. ಅವರು ತೀರಿಹೋದ ಮೇಲೆ ಇವನಿಗೆ ಚಹಾ ರುಚಿಸಿದ್ದೇ ಇಲ್ಲ.

ಈಗ ಹೊಳಿಯಪ್ಪನ ಮೂತ್ರಕೋಶದಲ್ಲಿ ಕ್ಯಾನ್ಸರ್. ಒಬ್ಬರಿಗೆ ನಾಟಿದ ಔಷಧಿ ಇನ್ನೊಬ್ಬರಿಗೆ ನಾಟುವುದಿಲ್ಲ. ಅದಕ್ಕೇ ಹುಬ್ಬಳ್ಳಿಯ ಡಾಕ್ಟರು, ಮೂತ್ರದಲ್ಲಿ ಬರುವ ಕ್ಯಾನ್ಸರ್ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತವೆಂದು ಮೊದಲು ನೋಡೋಣ ಎಂದರು.

ರಕ್ತ ಬೆರೆತ ಕೆಂಪು ಮೂತ್ರದ ಡಬ್ಬಿಯನ್ನು ನರ್ಸಮ್ಮನ ಕೈಗೆ ಹೇಗೆ ಕೊಡುವುದು? ಹೊಳಿಯಪ್ಪ ನಾಚಿಕೆಯಿಂದ ಹಿಡಿಯಷ್ಟಾದ. ಹಿಂದಿನ ದಿನದಿಂದಲೇ ಎಳನೀರು, ತಂಬಿಗೆಗಟ್ಟಲೆ ನೀರು ಕುಡಿದು, ಮೂತ್ರ ತಿಳಿಯಾದ ಮೇಲೇ ಕೊಟ್ಟ. ಜೀವಕೋಶ ತೀರಾ ಕಡಿಮೆ, ಒಂದೂ ಬೆಳೆಯಲಿಲ್ಲ ಎಂದು ಲ್ಯಾಬಿನಿಂದ ಉತ್ತರ ಬಂತು.

"ಏನ ಮಾಡೀದಿ ಯಪ್ಪಾ?" ಎಂದಳು ಮಗಳು ಭುವನಾ.

"ಸ್ವಚ್ಛ ಮಾಡಿ ಕೊಟ್ಟೇನವಾ. ಹೊಲಸು ಹೆಂಗ ಕೊಡೂದು?"

"ಅಯ್ಯ, ಅವ್ರಿಗೆ ರೋಗಾನ ಬೇಕಾಗಿತ್ತು! ಇನ್ನೊಂದ ಸಲ ಅಷ್ಟ ನೋಡ್ತಾರಂತ. ಆಮ್ಯಾಲ ಅಂದಾಜಿನ ಮ್ಯಾಲ ಔಷಧ ಏರಸ್ತಾರ."

ಮೊಳಕೈತನಕ ಕೆಂಪಾದ ಸಾಹೇಬರ ತೋಳು ಹೊಳಿಯಪ್ಪನ ಕಣ್ಮುಂದೆ ಬಂತು. ಆ ಮನುಷ್ಯ ಬದುಕಿದ್ದಿದ್ದರೆ ಇವನ ಕಿವಿ ಹಿಂಡಿರುತ್ತಿದ್ದರು. ಹಿಂಡಿಸಿಕೊಳ್ಳಬೇಕೆಂದು ಅವನಿಗೆ ಬಹಳ ಅನ್ನಿಸಿತು.

ಎರಡನೆಯ ಸಲ ಡಬ್ಬಿಯನ್ನು ಟವೆಲಿನಲ್ಲಿ ಮುಚ್ಚಲೂ ಇಲ್ಲ. ಕೆಂಪಗಿದ್ದುದನ್ನು ಕೆಂಪಗೇ ಕೊಟ್ಟ.

ಈ ಸಲ ಜೀವಕೋಶಗಳು ಬೆಳೆದವು. ಎರಡು ಔಷಧಿಗೆ ಜಗ್ಗಲಿಲ್ಲ, ಮೂರನೆಯದಕ್ಕೆ ಸತ್ತವು. "ಗ್ಯಾರಂಟಿ ಕೊಡಾಕಾಗೂದಿಲ್ರಿ ಅಜ್ಜಾ, ಆದ್ರ ಯಾವುದರಿಂದ ಸುರು ಮಾಡ್ಬೇಕಂತ ಗೊತ್ತಾತು," ಎಂದರು ಡಾಕ್ಟರು.

ಅಂದು ಸಂಜೆ ಹೊಳಿಯಪ್ಪ ಚಹಾ ಮಾಡಿಸಿದ. ಅರ್ಧ ಬಸಿಗೆ ಸುರಿದು ಎದುರಿಗೆ ಸರಿಸಿಟ್ಟು, ಕಪ್ಪು ಎತ್ತಿದ.

"ತಳಾನ ತೋರಿಸಿದೆ ನೋಡ್ರಿ, ಸಾಹೇಬ್ರ."