ಪಶ್ಚಿಮದ ಗೋಡೆ ಮತ್ತು ಮೇಲ್ಮನೆ ಅಕ್ಕ

ಮೇಲ್ಮನೆ ಅಕ್ಕ ಲಗ್ಗೆರೆ ಬಿಟ್ಟು ಹೋದದ್ದಕ್ಕೆ ನಮ್ಮ ಬೀದಿಯಲ್ಲಿ ಒಂದೇ ಕಾರಣ ಚಾಲ್ತಿಯಲ್ಲಿದೆ: ಬೆಂಗಳೂರಿನ ಹವಾ ಅವರ ಮಗಳಿಗೆ ಒಗ್ಗಲಿಲ್ಲ. ಅಮ್ಮ ಹೀಗೇ ಹೇಳುತ್ತಾಳೆ, ಎದುರುಮನೆಯವರೂ ಹೀಗೇ ಹೇಳುತ್ತಾರೆ. ಬೀದಿಯ ಉಳಿದ ಮಕ್ಕಳಿಗೆಲ್ಲ ಒಗ್ಗಿದ ಹವಾ ಆ ಒಂದು ಮಗುವಿಗೆ ಮಾತ್ರ ಯಾಕೆ ಒಗ್ಗಲಿಲ್ಲ ಎಂದು ಯಾರೂ ಕೇಳಿಲ್ಲ. ಕೇಳುವ ಚಟ ಇರುವವಳು ಈ ಬೀದಿಗೆ ನಾನೊಬ್ಬಳೇ. ನಾನೂ ಕೇಳಲಿಲ್ಲ.

ಮೊನ್ನೆ ಟೆರೇಸಿನಲ್ಲಿ ಟ್ಯಾಂಕ್ ತೊಳೆಸುವಾಗ ಅದರ ಹಿಂದೆ ನೀಲಿ ತಗಡಿನ ತುಂಡೊಂದು ಸಿಕ್ಕಿತು, ಅಂಗೈಯಗಲದ್ದು. ಕತ್ತರಿಸಿದ ಅಂಚಿನಲ್ಲಷ್ಟೇ ತುಕ್ಕು, ಬಣ್ಣ ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದೆ. ಒದ್ದೆ ಕಬ್ಬಿಣದ ವಾಸನೆ. ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುವಾಗ ಅಕ್ಕ ನನ್ನ ಕೆನ್ನೆ ಹಿಂಡುತ್ತಿದ್ದರಲ್ಲ, ಆ ಕೈಯ ವಾಸನೆ…

ಅವರು ಪೀಣ್ಯದಲ್ಲಿ ಚಾವಣಿಯ ತಗಡು ಮಾಡುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕಿದ್ದರು. ಊರು ಕುಷ್ಟಗಿ ಕಡೆ. ಗಂಡ ತೀರಿಕೊಂಡಿದ್ದರು. ಎಂಟು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದಳು. ನಮ್ಮ ಮನೆಯ ಎರಡನೇ ಮಹಡಿಯ ಒಂಟಿ ಕೋಣೆಗೆ ಅವರು ಬಾಡಿಗೆಗೆ ಬಂದದ್ದೇ ಮಗಳನ್ನು ಕರೆತಂದು ಇಲ್ಲಿ ಶಾಲೆಗೆ ಸೇರಿಸಬೇಕೆಂದು. ಆದರೆ ಹುಡುಗಿಗೆ ಉಬ್ಬಸವಿತ್ತು, ಕೋಣೆಯ ಪಶ್ಚಿಮದ ಗೋಡೆಗೆ ತೇವವಿತ್ತು. ಗೋಡೆ ಒಣಗದೆ ಮಗಳು ಬರುವಂತಿರಲಿಲ್ಲ.

ಆ ಗೋಡೆಯ ಕಥೆ ನಮ್ಮ ಬಡಾವಣೆಯ ಅರ್ಧ ಮನೆಗಳ ಕಥೆ. ಅಪ್ಪ ಗೋಡೆಯನ್ನು ಸೈಟಿನ ಗೆರೆಯ ಮೇಲೇ ಎಬ್ಬಿಸಿದ್ದ, ಒಂದಿಂಚೂ ಬಿಟ್ಟಿರಲಿಲ್ಲ. ಹೊರಮೈಗೆ ಗಾರೆ ಮಾಡಿಸಿರಲಿಲ್ಲ. ಪಕ್ಕದ ಖಾಲಿ ಸೈಟಿನವರು ನಾಳೆಯೋ ನಾಡಿದ್ದೋ ಕಟ್ಟುತ್ತಾರೆ, ಅವರ ಗೋಡೆಯೇ ನಮ್ಮದನ್ನು ಮುಚ್ಚುತ್ತದೆ ಎಂಬುದು ಅವನ ಲೆಕ್ಕಾಚಾರ. ಪಕ್ಕದಲ್ಲಿ ಹೊಂಗೆ ಗಿಡ ಮರವಾಯಿತು, ಮನೆ ಏಳಲಿಲ್ಲ. ಜೂನ್ ಬಂದರೆ ಮಳೆ ನೇರ ಇಟ್ಟಿಗೆಗೆ ಹೊಡೆಯುತ್ತಿತ್ತು.

ನಾನಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಸಂಜೆ ಟೆರೇಸಿನ ಮೇಲೆ ಅಭ್ಯಾಸ ಮಾಡುವಾಗ ಅಕ್ಕನೇ ಎದುರು ಪಕ್ಷ, ಅಕ್ಕನೇ ತೀರ್ಪುಗಾರರು. ಸಮಯ ಮುಗಿದರೆ ಚಮಚದಿಂದ ಟ್ಯಾಂಕ್ ಬಡಿಯುತ್ತಿದ್ದರು. ನಾನು ನಿಲ್ಲಿಸದಿದ್ದರೆ, "ಸಾಕ ಮಾಡವ್ವಾ ತಾಯಿ, ನಾ ಸೋತೇನಿ, ಒಲಿ ಮ್ಯಾಲ ಬ್ಯಾಳಿ ಇಟ್ಟೇನಿ" ಎನ್ನುತ್ತಿದ್ದರು. ಮನೆಯಲ್ಲಿ ನನ್ನ ವಾದವನ್ನು ಕೊನೆಯವರೆಗೂ ಕೇಳುತ್ತಿದ್ದವರು ಅವರೊಬ್ಬರೇ. ಆಮೇಲೆ ಎಷ್ಟೋ ವೇದಿಕೆ ಹತ್ತಿದ್ದೇನೆ. ಹಾಗೆ ಕೇಳುವವರು ಸಿಕ್ಕಿಲ್ಲ.

ಗೋಡೆಯ ವಿಷಯದಲ್ಲಿ ಅವರು ಬಾಯಿಮಾತು ನಂಬಲಿಲ್ಲ. ಒಂದು ಮಳೆಗಾಲದ ಆರಂಭದಲ್ಲೇ, ಗೋಡೆಗೆ ಹೊದಿಸಲು ಯಾವುದು ತಾಳುತ್ತದೆ ಎಂದು ನೋಡಲು, ಟೆರೇಸಿನ ಪ್ಯಾರಾಪೆಟ್ ಮೇಲೆ ನಾಲ್ಕು ತುಂಡು ಸಾಲಾಗಿ ಇಟ್ಟರು: ಬಣ್ಣವಿಲ್ಲದ ತಗಡು, ನೀಲಿ ಬಣ್ಣದ ತಗಡು, ಸಿಮೆಂಟ್ ಶೀಟು, ಅಂಗಡಿಯಿಂದ ಕೇಳಿ ತಂದ ಪ್ಲಾಸ್ಟಿಕ್ ಪ್ಯಾನಲ್. ಭಾನುವಾರ ಒಂದೊಂದನ್ನೂ ಮಗುಚಿ, ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಗೇಲಿ ಮಾಡುತ್ತಿದ್ದೆ. "ನಾಲ್ಕು ತುಂಡಲ್ಲಿ ಏನ್ ಪ್ರೂವ್ ಆಗತ್ತೆ ಅಕ್ಕಾ?"

"ನಿಂದು ಒಂದ ಬಾಯಿ. ಅದರಾಗ ಎಷ್ಟ್ ಪ್ರೂವ್ ಮಾಡ್ತಿ!"

ಮುಂದಿನ ಬೇಸಿಗೆಯಲ್ಲಿ ಅಪ್ಪ ಕೊನೆಗೂ ಒಪ್ಪಿದ. ಏನಾದರೂ ಮಾಡೋಣ, ಏನು ಎಂದು ನೀವೇ ಹೇಳಿ ಎಂದ. ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಕಾಫಿಯ ಜೊತೆ ಸಭೆ ಸೇರಿತು. ಅಕ್ಕನ ಸಲಹೆ ನೇರವಾಗಿತ್ತು: ಹೊರಗಿನಿಂದ ಬಣ್ಣದ ತಗಡು, ನೀರು ಜಾರಿಹೋಗುವಂತೆ ಅದರ ಉಬ್ಬುಗೆರೆಗಳು ಲಂಬವಾಗಿರಬೇಕು, ಗೋಡೆಗೂ ತಗಡಿಗೂ ನಡುವೆ ಎರಡು ಬೆರಳು ಗಾಳಿ ಆಡಬೇಕು.

"ಪಕ್ಕದವ್ರು ನಾಳೆ ಕಟ್ಟಿದ್ರೆ ತಗಡು ಏನ್ ಮಾಡ್ತೀರಾ? ತಲೆ ಮೇಲೆ ಹೊತ್ಕೋತೀರಾ?" ಎಂದ ಅಪ್ಪ.

"ನಾಳಿ ನಾಳಿ ಅಂತ ಹೊಂಗಿ ಗಿಡ ಹೂ ಬಿಡಾಕತ್ತೇತಲ್ರಿ ಸರ."

ಅಮ್ಮ ನಕ್ಕುಬಿಟ್ಟಳು. ಅಪ್ಪನ ಮುಖ ಸಣ್ಣದಾಯಿತು. ಆಗ ನಾನು ಎದ್ದೆ. ಯಾರೂ ಕರೆದಿರಲಿಲ್ಲ. ಒಂದು ಪಕ್ಷ ಸೋಲುತ್ತಿದ್ದರೆ ಅದರ ಪರ ನಿಲ್ಲುವುದು ನನಗೆ ಅಭ್ಯಾಸವಾಗಿತ್ತು.

ಹೊರಗೆ ತಗಡು ಹೊಡೆದರೆ ಅದು ಪಕ್ಕದವರ ಸೈಟಿನೊಳಗೆ ಚಾಚುತ್ತದೆ, ಎರಡಿಂಚಾದರೂ ಒತ್ತುವರಿ ಒತ್ತುವರಿಯೇ, ಕೆಲಸದವರು ನಿಲ್ಲಲು ಸಾರವೆ ಕಟ್ಟಬೇಕೆಂದರೂ ಅವರ ನೆಲವೇ ಬೇಕು, ಆ ಮನುಷ್ಯ ಒಪ್ಪುವುದಿಲ್ಲ ಎಂದೆ. ಒಳಗಡೆಯಿಂದ ಪ್ಯಾನಲ್ ಹಾಕಿದರೆ ಯಾರನ್ನೂ ಕೇಳಬೇಕಿಲ್ಲ. ಕೊನೆಯದು ನನ್ನ ಅಸ್ತ್ರ: ಅಕ್ಕನ ಪ್ರಯೋಗದಲ್ಲೇ ತಗಡಿನ ಅಂಚು ತುಕ್ಕು ಹಿಡಿದಿದೆ, ಪ್ಲಾಸ್ಟಿಕ್ಕಿಗೆ ಏನೂ ಆಗಿಲ್ಲ.

"ರೇನ್‌ಕೋಟ್ ಅಂಗಿ ಮ್ಯಾಲ ಹಾಕ್ಕೊಂತಿಯೋ ಒಳಗ ಹಾಕ್ಕೊಂತಿಯೋ?" ಎಂದರು ಅಕ್ಕ.

"ಅಕ್ಕಾ, ಹೋಲಿಕೆ ಪುರಾವೆ ಅಲ್ಲ."

ಅಪ್ಪ ತೊಡೆ ತಟ್ಟಿದ. "ನೋಡಿದ್ರಾ! ನನ್ ಮಗಳ ಹತ್ರ ಯಾರೂ ನಿಲ್ಲಕ್ಕಾಗಲ್ಲ ಕಣ್ರೀ."

ಅಕ್ಕ ಕಾಫಿ ಲೋಟ ಕೆಳಗಿಟ್ಟರು. "ಆತ್ ಬಿಡ್ರಿ. ಗ್ವಾಡಿಗಿ ಬಾಯಿ ಇದ್ದಿದ್ರ ಗೊತ್ತಾಗ್ತಿತ್ತು," ಎಂದು ನಕ್ಕರು. ನಾನು ಅದನ್ನು ಸೋಲೊಪ್ಪಿಗೆ ಎಂದುಕೊಂಡೆ. ಅಪ್ಪ ಕೋಣೆಯ ಒಳಗಡೆಯಿಂದಲೇ ಪ್ಯಾನಲ್ ಹಾಕಿಸಿದ.

ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯೇ. ಆ ಪ್ಯಾನಲ್‌ಗಳು ಇವತ್ತಿಗೂ ಹಾಳಾಗಿಲ್ಲ. ಆದರೆ ಪ್ರಶ್ನೆ ಅದಾಗಿರಲಿಲ್ಲ. ನೀರು ಎಲ್ಲಿ ನಿಲ್ಲುತ್ತದೆ ಎಂಬುದಾಗಿತ್ತು. ಅದು ಇಟ್ಟಿಗೆಯಲ್ಲಿ ನಿಂತಿತು, ಹೊಳೆಯುವ ಬಿಳಿ ಪ್ಲಾಸ್ಟಿಕ್ಕಿನ ಹಿಂದೆ, ಯಾರ ಕಣ್ಣಿಗೂ ಬೀಳದೆ.

ಹುಡುಗಿ ಮೇ ಕೊನೆಗೆ ಬಂದಳು. ಎರಡು ಜಡೆ, ಮುಂದಿನ ಒಂದು ಹಲ್ಲು ಇಲ್ಲ. ಶಾಲೆಯಿಂದ ಬಂದವಳೇ ಟೆರೇಸಿಗೆ ಓಡಿ ಮೆಟ್ರೋ ರೈಲು ಕಾಣುತ್ತದೆಯೇ ಎಂದು ಹುಡುಕುತ್ತಿದ್ದಳು. ಅಕ್ಕ ಆ ದಿನಗಳಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. "ನಿದ್ದಿಯೊಳಗ ಒದೀತಾಳವ್ವಾ," ಎಂದು ಸೊಂಟ ಹಿಡಿದುಕೊಂಡು ದೂರುವಾಗ ಅವರ ಮುಖ ನೋಡಬೇಕಿತ್ತು.

ಜುಲೈಯಲ್ಲಿ ಕೆಮ್ಮು ಶುರುವಾಯಿತು. ಆಗಸ್ಟಿನಲ್ಲಿ ಉಸಿರು ಸಿಳ್ಳೆ ಹೊಡೆಯತೊಡಗಿತು. ಕ್ಲಿನಿಕ್ಕಿಗೆ ಹೋದಾಗ ನಾನೂ ಜೊತೆಗಿದ್ದೆ. "ಮನೇಲಿ ಗೋಡೆ ತೇವ ಇದ್ಯಾ?" ಎಂದು ಡಾಕ್ಟರು ಕೇಳಿದರು. ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದರು. "ಇಲ್ರಿ ಸರ, ಹೊಸಾ ಪ್ಯಾನಲ್ ಹಾಕ್ಸ್ಯಾರ." ಅವರು ಅದನ್ನು ನಂಬಿ ಹೇಳಿದರೋ, ನನ್ನ ಮುಖ ಉಳಿಸಲು ಹೇಳಿದರೋ… ನನಗೆ ಈಗಲೂ ಗೊತ್ತಿಲ್ಲ.

ಮರುದಿನ ಅವರೇ ಸ್ಕ್ರೂಡ್ರೈವರ್ ಹಿಡಿದು ಮಂಚದ ಪಕ್ಕದ ಒಂದು ಪಟ್ಟಿ ಬಿಚ್ಚಿದರು. ಹಿಂದೆ ಗೋಡೆ ಕಪ್ಪಗೆ, ತುಪ್ಪಳ ಬೆಳೆದಂತೆ ಬೂಷ್ಟು ಹಿಡಿದಿತ್ತು. ಅಪ್ಪನನ್ನು ಕರೆದು ತೋರಿಸಿದರು. ಮಳೆ ನಿಲ್ಲಲಿ, ನೋಡೋಣ ಎಂದ ಅವನು. ಆ ವಾರ ನನಗೆ ಅಂತರಕಾಲೇಜು ಸ್ಪರ್ಧೆಯಿತ್ತು. "ಏನ್ ಆತವ್ವಾ, ಗೆದ್ದಿ?" ಎಂದಷ್ಟೇ ಅಕ್ಕ ನನ್ನನ್ನು ಕೇಳಿದರು. ಗೆದ್ದಿದ್ದೆ.

ಮಳೆ ನಿಲ್ಲುವವರೆಗೆ ಮಗುವಿನ ಎದೆ ಕಾಯುವಂತಿರಲಿಲ್ಲ. ಗಣೇಶನ ಹಬ್ಬದ ರಜೆಯಲ್ಲಿ ಅಜ್ಜಿ ಬಂದು ಹುಡುಗಿಯನ್ನು ವಾಪಸ್ ಕರೆದೊಯ್ದರು. ಅಕ್ಕ ಒಬ್ಬರೇ ದೀಪಾವಳಿವರೆಗೆ ಇದ್ದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ನಿಧಾನವಾಯಿತು. ನಾನು ಟೆರೇಸಿಗೆ ಹೋಗುವುದನ್ನು ಬಿಟ್ಟೆ, ಪರೀಕ್ಷೆಯ ನೆಪ ಹೇಳಿದೆ. ಅವರು ಸಾಮಾನು ಸಾಗಿಸಿದ ದಿನ ನಾನು ಕಾಲೇಜಿನಲ್ಲಿದ್ದೆ. ಬೆಂಗಳೂರಿನ ಇನ್ನೊಂದು ತುದಿಯ ಜಿಗಣಿಯಲ್ಲಿ ಕೆಲಸ ಸಿಕ್ಕಿದೆ ಎಂದು ಅಮ್ಮನಿಗೆ ಹೇಳಿ ಹೋದರಂತೆ.

ಹೋದ ವರ್ಷ ಪಕ್ಕದ ಸೈಟಿನವರಿಗೆ ನಾನೇ ಫೋನು ಮಾಡಿದೆ. ಒತ್ತುವರಿ, ಸಾರವೆ, ಅನುಮತಿ ಎಲ್ಲಕ್ಕೂ ವಾದ ಬರೆದಿಟ್ಟುಕೊಂಡಿದ್ದೆ. ಅವರು ಪೂರ್ತಿ ಕೇಳಲೇ ಇಲ್ಲ. "ಅಯ್ಯೋ, ಹಾಕ್ಕೊಳಿ ಮೇಡಂ. ನಾನು ಕಟ್ಟೋವಾಗ ಬಿಚ್ಕೊಂಡ್ರೆ ಆಯ್ತು." ಒಂದು ನಿಮಿಷವೂ ಆಗಿರಲಿಲ್ಲ. ಆ ಮನುಷ್ಯ ಒಪ್ಪುವುದಿಲ್ಲ ಎಂದು ಅಂದು ನಡುಮನೆಯಲ್ಲಿ ನಿಂತು ಅಷ್ಟು ಖಚಿತವಾಗಿ ಹೇಳಿದ್ದೆನಲ್ಲ, ಅವರನ್ನು ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ತಗಡು ಹೊರಗಿನಿಂದಲೇ ಹಾಕಿಸಿದೆವು, ಅಕ್ಕ ಹೇಳಿದ ಹಾಗೆಯೇ, ಸಂದಿ ಬಿಟ್ಟು. ಕೋಣೆ ಈಗ ಒಣಗಿದೆ. ಬಾಡಿಗೆಗೆ ಕೊಡಲು ನಾನು ಬಿಟ್ಟಿಲ್ಲ. ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅವರ ಹಳೆಯ ನಂಬರು ಚಾಲ್ತಿಯಲ್ಲಿಲ್ಲ. ಜಿಗಣಿಯ ಎರಡು ತಗಡಿನ ಕಾರ್ಖಾನೆಗಳ ಗೇಟಿನಲ್ಲಿ ವಿಚಾರಿಸಿದೆ. ಹೆಸರು ಹೇಳಿದರೆ, ಆ ಹೆಸರಿನವರು ಯಾರೂ ಇಲ್ಲ ಎಂದರು. ಕ್ಷಮೆ ಕೇಳಬೇಕೆಂದು ಹೋದವಳಿಗೆ ವಾಪಸ್ ಬರುವ ಬಸ್ಸಿನಲ್ಲಿ ಬೇರೆಯದೇ ಪ್ರಶ್ನೆ ಎದ್ದಿತು. ನನ್ನನ್ನು ಕ್ಷಮಿಸಿದರೆ ಬಿಟ್ಟರೆ ಅವರಿಗೇನು? ಅವರು ಈ ಊರಿಗೆ ಬಂದದ್ದು ಒಂದೇ ಒಂದು ಕಾರಣಕ್ಕೆ.

ಅಕ್ಕಾ, ನಿಮ್ಮ ಮಗಳು ಈಗ ನಿಮ್ಮ ಪಕ್ಕದಲ್ಲಿ ಮಲಗುತ್ತಾಳಾ?